ಹಕ್ಕಲು

ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲು ಆಯ್ದವಳು ನಾನು,
ಬಗ್ಗೋದು ಹೊಸದಲ್ಲ.
ಅದಕ್ಕೇ ಇರಬೇಕು, ರೈಫಲ್ ಕ್ಲಬ್ಬಿನ ಪಾಲಯ್ಯ ಮೇಸ್ತ್ರಿ
"ನಿನ್ನ ಕಣ್ಣು ನೆಲದ ಮೇಲೈತೆ, ಬಾ" ಅಂದದ್ದು.

ಭಾನುವಾರ ಬರ್ತಾರೆ ಗುಂಡು ಹೊಡೆಯೋರು,
ಕಿವಿಗೆ ಕಪ್ಪು ಬಟ್ಟಲು ಕವುಚಿಕೊಂಡು.
ದುರ್ಗದ ಬಂಡೆ ಒಂದೊಂದು ಸದ್ದನ್ನೂ
ಎರಡೆರಡು ಸಲ ಹೇಳಿ ಸುಮ್ಮನಾಗುತ್ತೆ.
ಬೇವಿನ ಮರದ ಗಿಣಿಗಳು ಈಗೀಗ ಹಾರೋದೂ ಇಲ್ಲ.

ಅವರ ಕಾರಿನ ಧೂಳು ಹೈವೇ ಮುಟ್ಟಿದ ಮೇಲೆ ನನ್ನ ಪಾಳಿ.
ನಡುಮಧ್ಯಾಹ್ನ ಹುಡುಕಬಾರದು,
ಬೆಣಚುಕಲ್ಲೆಲ್ಲ ಹಿತ್ತಾಳೆ ಅಂತ ಸುಳ್ಳು ಹೇಳುತ್ತೆ.
ಹೊತ್ತು ಜಾರಬೇಕು, ನೆರಳು ಉದ್ದ ಬೀಳಬೇಕು,
ಆಗ ಬಾದೆ ಹುಲ್ಲಿನ ಬುಡದಲ್ಲಿ
ಅದೇ ಕಣ್ಣು ಬಿಡುತ್ತೆ.
ಮಡಿಲಿಗೆ ಹಾಕಿದರೆ ಬಿಸಿ ಆರಿರುತ್ತೆ, ಒಂದೊಂದರಲ್ಲಿ ಇರುವೆ.

ಇಪ್ಪತ್ತೆರಡರವು ಸಣ್ಣವು, ಒಮ್ಮೆ ಸಿಡಿದರೆ ಮುಗೀತು,
ಗುಜರಿಗೆ, ಕಿಲೋ ಲೆಕ್ಕ.
ಮುನ್ನೂರ ಹದಿನೈದರವು ಉದ್ದ ಕತ್ತಿನವು,
ಮತ್ತೆ ತುಂಬೋಕೆ ಮೇಸ್ತ್ರಿಗೆ.
ತೊಳೆಯೋಕೆ ಯಾವುದೋ ಬಾಟ್ಲಿ ತಂದಿದ್ದ. ನಕ್ಕೆ.
ಹುಣಸೆಹಣ್ಣು, ಉಪ್ಪು, ಅಷ್ಟೇ.
ಅವ್ವನ ಬಿಂದಿಗೆ ಹೀಗೇ ಬೆಳಗಿದ್ದು ನಾನು
ಅದನ್ನ ಕೊಟ್ಟು ಸ್ಟೀಲಿನ ಮೂರು ಕೊಡ ತರೋ ತನಕ.
"ಹಗುರ ಐತೆ, ಹಗುರ ಐತೆ" ಅಂತ ಓಣಿಗೆಲ್ಲ ಹೇಳಿ
ಆ ರಾತ್ರಿ ಉಣ್ಣದೆ ಮಲಗಿದಳು.

ಮೇಸ್ತ್ರಿ ಮದ್ದು ತೂಗೋದು ಅಕ್ಕಸಾಲಿ ತೂಗಿದಂಗೆ,
ಉಸಿರು ಬಿಗಿಹಿಡಿದು.
"ಎಷ್ಟು ಸಲ ತುಂಬಬಹುದು?" ಕೇಳಿದ್ದೆ.
"ಐದು, ಆರು. ಆಮೇಲೆ ಕಂಠ ಸೀಳುತ್ತೆ."
ಒಂದು ಸಂಜೆ ಅವನು ಪಾಸು ಮಾಡಿದ್ದು
ನನ್ನ ಉಗುರಿಗೆ ಯಾಕೋ ತಡೆಯಿತು.
"ಮೂರೇ ಸಲ ತುಂಬಿರೋದು ಕಣಮ್ಮ, ಹೊಸದು!"
ಎತ್ತಿ ಬೇರೆ ಇಟ್ಟೆ. ಸಿಟ್ಟಾದ.
ಭೂತಗನ್ನಡಿ ತಂದ, ಬಲ್ಬಿಗೆ ಹಿಡಿದ, ತಿರುಗಿಸಿದ,
ಆಮೇಲೆ ಏನೂ ಅನ್ನದೆ
ತನ್ನ ಮೇಜಿನ ಎಡಗಡೆ ಒಂದು ಸ್ಟೂಲು ಎಳೆದು ಹಾಕಿದ.

ಗುಂಡು ಎಲ್ಲಿ ಹೋಗುತ್ತೆ ಅಂತ ನಾನು ಕೇಳಿಲ್ಲ.
ಆಚೆ ಮಣ್ಣಿನ ದಿಬ್ಬದಲ್ಲಿ ಸಾವಿರ ಮಲಗಿರಬೇಕು,
ಯಾರೂ ಹಕ್ಕಲು ಆಯದವು.

ಕೊನೇ ಬಸ್ಸಿನಲ್ಲಿ ಗಾದ್ರಕ್ಕ ಪಕ್ಕ ಕೂತಳು.
"ಎಲ್ಲಿ ಕೆಲಸ ಈಗ?"
"ತೋಟಾ" ಅಂದೆ.
"ಯಾರ ತೋಟ? ದಾಳಿಂಬೆನಾ?"
ಹೂಂ ಅಂದುಬಿಟ್ಟೆ.
ಅವಳು ನನ್ನ ಕೈ ಎಳೆದು ಮೂಸಿ ನೋಡಿ
"ದೀಪಾವಳಿ ಇನ್ನೂ ದೂರ ಐತಲ್ಲೇ" ಅಂದಳು.