ಎಂಟರ ಸ್ಪ್ಯಾನರ್

ಬೆಳಗಿನ ಆರೂವರೆ. ಪೋ ನದಿ ಕವಲೊಡೆದು
ಕಡಲು ಸೇರುವ ಈ ಕಡೆ ಮಂಜು ಎದ್ದಿಲ್ಲ ಇನ್ನೂ.
ಟ್ರ್ಯಾಕಿಗೆ ಎರಡನೇ ತಿರುವು
ಇದೆಯೆಂದು ನಂಬಬೇಕು, ಅಷ್ಟೆ.
ಡೇರೆಯ ಕೆಳಗೆ ಸ್ಟ್ಯಾಂಡಿನ ಮೇಲೆ ಕಾರ್ಟು,
ಹಿಂಚಕ್ರ ಕಳಚಿ, ಒಂದು ಮಗ್ಗುಲು ಎತ್ತಿ, ನಿಪ್ಪಲ್ ಎಲ್ಲಕ್ಕಿಂತ ಮೇಲೆ ಬರುವಂತೆ.
ಗಾಳಿಗೆ ಗೊತ್ತಿರುವುದು ಏರುವುದೊಂದೇ.

ನಿನ್ನೆ ಕೊನೆಯ ಸುತ್ತಿನಲ್ಲಿ ಪೆಡಲು
ನೆನೆದ ಬ್ರೆಡ್ಡಿನ ಹಾಗೆ ಒಳಗಿಳಿಯಿತಂತೆ.
"ಎರಡು ಸಲ ತುಳಿಯಬೇಕಾಯ್ತಮ್ಮ" ಅಂದಳು ತೆಕ್ಲಾ,
ಹದಿಮೂರು ವರ್ಷ, ಗಂಟೆಗೆ ನೂರಾಹತ್ತು,
ಸೂಪಿಗೆ ಉಪ್ಪು ಸಾಲದು ಅನ್ನುವ ದನಿಯಲ್ಲಿ.

ಅದಕ್ಕೇ ಇವಾನೊ ಬಂದಿದ್ದಾನೆ ಕ್ಯೋಜ್ಜಾದಿಂದ,
ಕತ್ತಲಲ್ಲೇ ಹೊರಟು, ಹೊಸ ಹೆಂಡತಿ
ತುಂಬಿಕೊಟ್ಟ ಕಾಫಿ ಫ್ಲಾಸ್ಕು ಕಂಕುಳಲ್ಲಿ.
ನನಗೂ ಒಂದು ಮುಚ್ಚಳ ಬಗ್ಗಿಸಿದ.
ಕುಡಿದೆ. ಚೆನ್ನಾಗಿತ್ತು, ಹಾಳಾದ್ದು.

ಈ ಕೆಲಸಕ್ಕೆ ಇಬ್ಬರು ಬೇಕು:
ಪೆಡಲಿಗೊಬ್ಬರು, ನಿಪ್ಪಲಿಗೊಬ್ಬರು.
ಹುಡುಗಿ ವ್ಯಾನಿನಲ್ಲಿ ಮಲಗಿದ್ದಾಳೆ, ಎಬ್ಬಿಸಬಹುದು,
ಪೆಡಲು ಅವಳ ಪಾದದ್ದೇ. ಇಬ್ಬರೂ ಎಬ್ಬಿಸುವುದಿಲ್ಲ.
ಎಂಟರ ಸ್ಪ್ಯಾನರ್ ನನ್ನದು. ಅವನ ಕೈ ಅವಸರದ್ದು,
ಮದುವೆಯಾದ ವರ್ಷವೇ ಒಂದು ನಿಪ್ಪಲ್ ಮುರಿದಿದ್ದ.

ಪಾರದರ್ಶಕ ನಳಿಗೆಯ ಒಂದು ತುದಿ ನಿಪ್ಪಲಿಗೆ,
ಇನ್ನೊಂದು ಜಾಮ್ ಸೀಸೆಯ ಹೊಸ ಆಯಿಲಿನಲ್ಲಿ ಮುಳುಗಿ.
"ಒತ್ತು."
"ಒತ್ತಿದೆ."
ಕಾಲು ಸುತ್ತು ಬಿಚ್ಚುತ್ತೇನೆ,
ಹಳೆಯದು ಇಳಿಯುತ್ತದೆ ಕಷಾಯದ ಬಣ್ಣದಲ್ಲಿ. ಬಿಗಿಯುತ್ತೇನೆ.
"ಬಿಡು."
ಬಿಗಿಯುವ ಮೊದಲೇ ಬಿಟ್ಟರೆ
ಉಗುಳಿದ್ದನ್ನೇ ಒಳಗೆಳೆದುಕೊಳ್ಳುತ್ತದೆ.
ಎರಡು ವರ್ಷದಿಂದ ನಮ್ಮ ನಡುವಿನ ಮಾತು ಇಷ್ಟೇ,
ಉಳಿದದ್ದೆಲ್ಲ ವಕೀಲರ ಕಾಗದ.

ಈ ಆಯಿಲಿಗೆ ನೀರಿನ ಚಪಲ.
ಮುಚ್ಚಳ ಎಷ್ಟೇ ಬಿಗಿದರೂ ಗಾಳಿಯ ತೇವ ಕದ್ದು ಕುಡಿಯುತ್ತದೆ,
ಈ ಜೌಗು ಸೀಮೆಯಲ್ಲಂತೂ ಕೇಳಲೇಬೇಡಿ.
ಕಾದ ಡಿಸ್ಕಿನ ಪಕ್ಕ ಒಂದು ದಿನ ಆ ನೀರು ಕುದಿದು
ಮಗಳ ಕಾಲಡಿ
ಆವಿ ಬಿಟ್ಟರೆ ಏನೂ ಇರುವುದಿಲ್ಲ.

ಕ್ಯಾಲಿಪರಿನ ಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್, ಟಕ್.
ಮೂಲೆಯಲ್ಲಿ ಅವಿತದ್ದು ಹೊರಡಲಿ.
ಅವನಪ್ಪ ಅನ್ಸೆಲ್ಮೊ ಕೊಮಾಕ್ಯೊದ ಹಿನ್ನೀರಲ್ಲಿ
ಹಾವುಮೀನು ಕಾಯುತ್ತಿದ್ದವನು; ಗುಳ್ಳೆ ನೋಡಿ ಹೇಳುತ್ತಿದ್ದ:
ಇದು ಮೀನು, ಇದು ಕೆಸರು,
ಇದು ಸುಮ್ಮನೆ ನೀರಿನ ತೇಗು.
ಸಾಸಿವೆಯಷ್ಟು ಒಂದು ಗುಳ್ಳೆ ನಳಿಗೆ ಹತ್ತಿತು.
"ಮೀನು" ಅಂದ ಇವಾನೊ.
ನಕ್ಕುಬಿಟ್ಟೆ. ನಗಬಾರದಿತ್ತು. ನಳಿಗೆ ಕಳಚಿ
ಚಾಸಿಯ ಕೆಂಪಿನ ಮೇಲೆ ನಾಲ್ಕು ಹನಿ,
ಬಣ್ಣವನ್ನೇ ತಿನ್ನುವ ಆಯಿಲು!
ಇಬ್ಬರೂ ಒಟ್ಟಿಗೇ ನೀರಿನ ಬಾಟಲಿಗೆ ಕೈಹಾಕಿದೆವು.

ಒರೆಸುವ ಬಟ್ಟೆಗೆಂದು ಅವನ ಪೆಟ್ಟಿಗೆಯ
ಕೆಳಗಿನ ಅರೆ ಎತ್ತಿದೆ. ದಪ್ಪ ಸಿರಿಂಜು, ನಳಿಗೆ ಸಮೇತ.
ಕೆಳಗಿನಿಂದ ಆಯಿಲು ತಳ್ಳಿ ಗಾಳಿಯನ್ನು ಮೇಲಕ್ಕಟ್ಟುವುದು,
ಒಬ್ಬರೇ ಸಾಕು ಅದಕ್ಕೆ, ಹತ್ತು ನಿಮಿಷ.
ಪೊಟ್ಟಣ ಒಡೆದಿಲ್ಲ. ಅಂಟಿದ ಬಿಲ್ಲಿನಲ್ಲಿ
ಹೋದ ವರ್ಷದ ಮಾರ್ಚಿ ತಿಂಗಳು.
ಅರೆಯನ್ನು ಇದ್ದ ಹಾಗೇ ಇಟ್ಟೆ.
ನನ್ನ ಗ್ಯಾರೇಜಿನಲ್ಲೂ ಒಂದಿದೆ, ಆ ಮಾತು ಈಗ ಯಾಕೆ.

ಮತ್ತೆ ಹನ್ನೊಂದು ಸಲ. ಜೇನಿನ ಬಣ್ಣ, ಗುಳ್ಳೆಯಿಲ್ಲ.
ಪೆಡಲು ಈಗ ಗೋಡೆ.
ಸುರಕ್ಷಾ ತಂತಿ ಎಳೆದು ನೋಡಿದ ಅವನು, ಅವನ ಬೆನ್ನಿಗೇ ನಾನು.
ತೆಕ್ಲಾ ಬಂದಳು ಕಣ್ಣುಜ್ಜುತ್ತ, ಒಂದು ಸಲ ತುಳಿದಳು,
ನಮ್ಮಿಬ್ಬರ ಮುಖ ನೋಡಿದಳು, ಹೆಲ್ಮೆಟ್ ಹಾಕಿಕೊಂಡಳು.

ಮಂಜಿನೊಳಗೆ ಶಬ್ದ ಮಾತ್ರ.
ಎರಡನೇ ತಿರುವಿನಲ್ಲಿ ಎಂಜಿನ್ ಥಟ್ಟನೆ ತಗ್ಗಿತು,
ಎಲ್ಲಿ ತಗ್ಗಬೇಕೋ ಅಲ್ಲೇ. ತಿರುಗಿತು. ಮತ್ತೆ ಏರಿತು.
"ಮುಂದಿನ ರೇಸಿಗೆ ಮೂರು ವಾರ" ಅಂದ ಇವಾನೊ,
ಕೈಯೊರೆಸಿಕೊಳ್ಳುತ್ತ, ಎತ್ತಲೋ ನೋಡುತ್ತ,
"ಇದೇ ಆಯಿಲು ಅಲ್ಲಿತನಕ ತಡೆಯುತ್ತೆ, ಅಲ್ವಾ?"
ತಡೆಯುತ್ತದೆ. ಆರು ವಾರ ಬೇಕಾದರೂ.
"ಈ ತೇವಕ್ಕೆ ಹೇಳೋಕಾಗಲ್ಲ" ಅಂದೆ.