ಎಲಿ ನೆನೀಬೇಕು

ಅಶೋಕ ಚೌಕದ ಹಿಂದಿನ ಓಣಿ, ತಗಡಿನ ಛಪ್ಪರ,
ಸೋಲಾಪುರದ ಮೇ ತಿಂಗಳ ಬಿಸಲು.
ಮೂವತ್ತು ಹೆಂಗಸರು, ಮೂವತ್ತು ಸೂಪು,
ಹಸಿ ಗೋಣಿಯೊಳಗ ರಾತ್ರಿಯೆಲ್ಲ ನೆನೆದ ತೂಬರಿ ಎಲಿ.
ಸಾವಿರ ಬೀಡಿ ಮುಗಿಯೂತನಕ ಕೈಗೆ ಸೂಟಿ ಇಲ್ಲ,
ಬಾಯಿ ಮಾತ್ರ ಖಾಲಿ.

ಆ ಖಾಲಿ ಬಾಯಿಲೆ ಈರಾಬಾಯಿ ಕಥಿ ಹೇಳತಿದ್ದಳು.
ನನಗಾಗ ಹನ್ನೊಂದು.
ಅವ್ವ ಸುತ್ತಿದ ಬೀಡಿಯ ತಲಿ ಮಡಚೂದು ನನ್ನ ಪಾಲಿನ ಕೆಲಸ.

ಏಳು ಸಮುದ್ರದಾಚೆ ಗವಿ, ಗವಿಗೆ ಏಳು ಬಾಗಲಾ,
ಒಳಗೊಬ್ಬ ರಾಕ್ಷಸ. ಅವನ ಜೀವ ದುಂಬಿಯೊಳಗ,
ದುಂಬಿ ಡಬ್ಬಿಯೊಳಗ.
ರಾಜಕುಮಾರ ಬಿಳೇ ಕುದುರಿ ಹತ್ತಿ ಹೊಂಟಾನ,
ಸೊಂಟದಾಗ ಕತ್ತಿ, ತಲಿಗೆ ಜರಿ ರುಮಾಲು,
ರುಮಾಲಿನ ಬಣ್ಣಕ್ಕ ಒಂದಿಡೀ ಮಧ್ಯಾಹ್ನ ಹೋತು.

ಮೂರನೇ ದಿನ ನರ್ಸವ್ವ
ಅರ್ಧ ತೆಲುಗು ಅರ್ಧ ನಮ್ಮ ಮಾತಿನಾಗ ಕೇಳಿದಳು,
'ಆ ಕುದುರಿಗೆ ಹುಲ್ಲು ಯಾರು ಹಾಕ್ತಾರ?'

ಈರಾಬಾಯಿ ದಾರ ಕಡಿಯೂದು ಬಿಟ್ಟು
ಇಪ್ಪತ್ತೈದರ ಒಂದು ಕಟ್ಟಿನಷ್ಟು ಹೊತ್ತು ಸುಮ್ಮನ ಕುಂತಳು.
ಮರುದಿನ ಕಥ್ಯಾಗ ತಂಗೆವ್ವ ಬಂದಳು.
ಬಂದಳು ಅಂದ್ರ, ಮೊದಲಿಂದಲೂ ಇದ್ದಳಂತ,
ಹೇಳೂದು ಬಿಟ್ಟುಹೋಗಿತ್ತಂತ.

ಹಿಮ್ಮಡಿ ಒಡದಾಕಿ. ತಲಿ ಮ್ಯಾಲ ಗೋಣಿತಟ್ಟಿನ ಸಿಂಬಿ,
ಸಿಂಬಿ ಮ್ಯಾಲ ನೀರಿನ ಕೊಡ.
ಏಳು ಸಮುದ್ರದ ನೀರೂ ಉಪ್ಪು,
ಕುಡಿಯೂ ನೀರು ಈಕಿ ಹೊರಬೇಕು.
ಕುದುರಿಗೆ ಮೊದಲು, ರಾಜಕುಮಾರಗ ಆಮ್ಯಾಲ,
ಉಳಿದ್ರ ತನಗ.

ಮೊದಲನೇ ಬಾಗಲಾ ಕತ್ತಿಗೆ ತೆರೀತು. ಎರಡನೇದೂ.
ಮೂರನೇದರ ಮುಂದ ಕತ್ತಿ ಮುರೀತು,
ನಾಕನೇದು ಹಾಡು ಕೇಳಿತು, ರಾಜಕುಮಾರನ ದನಿ ಬಿದ್ದಿತ್ತು,
ಬೀಸೂ ಪದ ಅಂದಳು ತಂಗೆವ್ವ.
ಐದನೇದು, ಐದನೇದು ನನಗ ನೆನಪಿಲ್ಲ.
ಅವತ್ತು ಜ್ವರ ಬಂದು ಮನ್ಯಾಗ ಮಲಗಿದ್ದೆ,
ಅವ್ವನ ಕೇಳಿದ್ರ 'ತೆರೀತವಾ, ಮಲ್ಕೊ' ಅಂದಳು.

ಆರನೇ ಬಾಗಲದಾಗ ಎಳ್ಳಿನ ರಾಶಿ.
ಹೊತ್ತು ಮುಳಗೂದ್ರಾಗ ಎಣಿಸಿ ಹೇಳಬೇಕು, ಒಂದೂ ತಪ್ಪಬಾರದು.
ರಾಜಕುಮಾರ ನಾಕು ನೂರಕ್ಕ ಲೆಕ್ಕ ತಪ್ಪಿದ.
ತಂಗೆವ್ವ ಕುಕ್ಕರಗಾಲಿಲೆ ಕುಂತು
ಇಪ್ಪತ್ತೈದು, ಕಟ್ಟು, ಇಪ್ಪತ್ತೈದು, ಕಟ್ಟು...
ಮೂವತ್ತು ಹೆಂಗಸರೂ ನಕ್ಕರು.
ಒಳಗಿನಿಂದ ಮ್ಯಾನೇಜರ ಬಂದು ನೋಡಿದ,
ಎರಡು ಕಟ್ಟು ಸಡಿಲ ಅಂತ ಬಾಜೂಕ ಒಗದ, ಹೋದ.

ಏಳನೇದರ ಆಚೆ ಡಬ್ಬಿ.
ಡಬ್ಬಿಗೆ ಮುಚ್ಚಳ ಅಂದ್ರ ಒಂದು ಒಣಾ ಎಲಿ,
ಚರಕ್ ಅಂದ್ರ ದುಂಬಿ ಏಳತೈತಿ,
ದುಂಬಿ ಎದ್ರ ರಾಕ್ಷಸ ಏಳತಾನ.
ಸಪ್ಪಳಿಲ್ಲದ ಆ ಎಲಿ ಯಾರು ಬಿಚ್ಚಬೇಕು?

ಯಾರೂ ಮಾತಾಡಲಿಲ್ಲ. ಕತ್ತರಿ ನಿಂತವು.
ಅವ್ವ ತನ್ನ ಬಟ್ಟ ನೋಡಿಕೊಂಡಳು,
ಉಗುರಿನ ಸಂದ್ಯಾಗ ಜರದಾ ಹೊಕ್ಕ ಬಟ್ಟು,
ಮನ್ಯಾಗ ಅಪ್ಪ 'ವಾಸನಿ' ಅಂತ ದೂರ ಸರಿಸೂ ಬಟ್ಟು.
'ನಾಳಿಗೆ' ಅಂದಳು ಈರಾಬಾಯಿ.

ನಾಳಿಗೆ ಸಂಪು. ಇಪ್ಪತ್ತೆರಡು ದಿನ.
ಸಾವಿರಕ್ಕ ಎಂಟಾಣೆ ಜಾಸ್ತಿ ಕೇಳಿದ್ದಕ್ಕ
ಮಾಲಕ ಬ್ರ್ಯಾಂಚಿಗೆ ಕೀಲಿ ಹಾಕಿದ.
ಸೂಪು ಹೊತಗೊಂಡು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ,
ಈರಾಬಾಯಿ ಮಗಳ ಊರಿಗೆ.
ರಾತ್ರಿ ಕಣ್ಣು ಮುಚ್ಚಿದ್ರ ತಂಗೆವ್ವ
ಒಂಟಿ ಕಾಲಿಲೆ ಆ ಡಬ್ಬಿ ಮುಂದ ನಿಂತಿರತಿದ್ದಳು.

ಹದಿನೆಂಟು ವರ್ಷದ ಮ್ಯಾಲ ಅಕ್ಕಲಕೋಟ ಬಸ್‌ಸ್ಟ್ಯಾಂಡಿನಾಗ
ಬಾಳೆಹಣ್ಣಿನ ಗಾಡಿ ಹತ್ತರ ಆ ಕೆಮ್ಮು ಕೇಳಿ ಗುರತು ಹಿಡದೆ.
ಆರಾಮ ಕೇಳೂದಕಿಂತ ಮೊದಲು ಕೇಳಿದೆ,
'ಆ ಎಲಿ ಬಿಚ್ಚಿದಳೇನ?'

ಈರಾಬಾಯಿಗೆ ಹೊಳೀಲಿಲ್ಲ. ಆಮ್ಯಾಲ ಹೊಳೀತು,
ಕೆಮ್ಮಿಕೋತ ನಕ್ಕಳು.
'ಒಣಾ ಎಲಿ ಯಾರರ ಬಿಚ್ಚತಾರೇನ, ಹುಚ್ಚಿ?
ಕೊಡದ ತಳದಾಗ ಉಳದಿದ್ದ ನೀರಿಲೆ ಸಿಂಬಿ ತೊಯಿಸಿ
ಎಲಿ ಮ್ಯಾಲ ಹೊಚ್ಚಿ ಕುಂತಾಳ.
ಕುಂದ್ರೂದ. ನೆನೀಬೇಕಲ್ಲ.'

ತುಳಜಾಪುರದ ಬಸ್ಸು ಬಂತು.
ಆಕಿ ಹತ್ತಿದಳು, ಕಿಟಕ್ಯಾಗಿಂದ ಎರಡು ಬಾಳೆಹಣ್ಣು ಕೊಟ್ಟಳು.
ರಾಜಕುಮಾರ ಏನಾದ ಅಂತ
ಕೇಳೂದು ಮರತೆ.