ಏಳನೇ ಟೇಕು

ಪಾಲಿಬೆಟ್ಟದ ಗೋದಾಮು. ಚೆರ್ರಿ ಕಾಫಿ, ಇನ್ನೂರ ನಲವತ್ತು ಮೂಟೆ
ಗೋಡೆಗೆ ಒತ್ತಿ ನಿಂತಿವೆ. ಇಲ್ಲಿ
ಚಪ್ಪಾಳೆ ಹೊಡೆದರೆ ವಾಪಸು ಬರುವುದಿಲ್ಲ,
ಸಾಲ ಕೊಟ್ಟ ಹಾಗೆ.
ಮೂಟೆ ಎಣಿಸುತ್ತಲೇ ಹನ್ನೊಂದು ವರ್ಷ ಕಳೆದ ನನಗೆ
ಇದು ಸ್ಟುಡಿಯೋ ಅಂತ ಹೊಳೆದದ್ದು ಹೋದ ಜನವರಿ.

ಹಾಜರಿ ಬರೆಯುತ್ತಿದ್ದ ಹಳೇ ಕಂಪ್ಯೂಟರು,
ವಿಂಡೋಸು ಸತ್ತ ಮೇಲೆ ಆಫೀಸು ಎಸೆದದ್ದು.
ಅದಕ್ಕೆ ಪುಕ್ಕಟೆ ಜೀವ ತುಂಬಿದೆ:
ಒಂದು ಪೆನ್ ಡ್ರೈವು, ಒಂದು ರಾತ್ರಿ, ಎರಡು ಫ್ಲಾಸ್ಕು ಬೆಲ್ಲದ ಕಾಪಿ.
ಪರದೆಯ ಮೇಲೆ ಈಗ ಕೂಲಿ ಲೆಕ್ಕದ ಚೌಕಗಳಿಲ್ಲ,
ಉದ್ದಕ್ಕೊಂದು ಬರೀ ಗೆರೆ. ಶಬ್ದ ಬಿದ್ದರೆ
ಕಂಬಳಿಹುಳದ ಹಾಗೆ ಮೈ ನವಿರೇಳಿಸುತ್ತದೆ.

ಚಾತ ಬಂದ, ದುಡಿ ಬಗಲಲ್ಲಿ.
'ಚರ್ಮ ತಣ್ಣಗಿದೆ, ಬೆಂಕಿ ಬೇಕು' ಅಂದ.
ಗೋದಾಮಲ್ಲಿ ಬೆಂಕಿಯೇ? ನನ್ನ ಕೆಲಸ ಹೋದೀತು.
ಕೊನೆಗೆ ಸಿಪಿಯು ಬೆನ್ನಿಗೆ, ಫ್ಯಾನು ಉಗುಳುವ ಬಿಸಿಗೆ
ದುಡಿ ಒಡ್ಡಿ ಕೂತ, ಕೂಸಿಗೆ ಶಾಖ ಕೊಡುವವನಂತೆ
ತಿರುಗಿಸಿ ತಿರುಗಿಸಿ.

ಕಿವಿಗೆ ಹೆಡ್‌ಫೋನು. ಟಿಕ್ ಟಿಕ್ ಟಿಕ್ ಟಿಕ್.
ಎರಡು ಸುತ್ತು ನುಡಿಸಿ, ಕಿತ್ತು ನನ್ನ ಕೈಗಿಟ್ಟ:
'ಒಳಗಿರೋ ಮೇಸ್ತ್ರಿಗೆ ಹೇಳು, ಅವಸರ ಬೇಡ.
ತಿರುವಿನಲ್ಲಿ ಕುಣಿಯೋರು ಎತ್ತಿದ ಕಾಲು ಇಳಿಸಬೇಕು.'
ಮೇಸ್ತ್ರಿಯನ್ನು ಆರಿಸಿದೆ. ಒಂದೇ ಕ್ಲಿಕ್ಕು.
ತೋಟದಲ್ಲಿ ಇಷ್ಟು ಸುಲಭವಿಲ್ಲ.

ಮೂರನೇ ಟೇಕಿಗೆ ಪಕ್ಕದ ತೋಟದಲ್ಲಿ ಪಟಾಕಿ, ಆನೆ.
ಐದನೆಯದಕ್ಕೆ ಮೂಟೆಯೊಳಗಿಂದ ಇಲಿ.
ಆರು ಚೆನ್ನಾಗಿತ್ತು, ಅವನಿಗೆ ಹಿಡಿಸಲಿಲ್ಲ.

ನಡುವೆ ಕೇಳಿದ: 'ಇದನ್ನ ಮಾಡಿದ್ದು ಯಾರು?'
ಸಾವಿರ ಜನ. ಒಬ್ಬರ ಮುಖ ಒಬ್ಬರು ನೋಡದವರು.
'ಕೂಲಿ?'
ಬಹಳ ಮಂದಿಗೆ ಇಲ್ಲ.
'ಸಾಹುಕಾರ?'
ಅವನೂ ಇಲ್ಲ. ಬೇಕಾದವರು ಬಿಚ್ಚಿ ನೋಡಬಹುದು,
ರಿಪೇರಿ ಮಾಡಿ ಊರಿಗೆಲ್ಲ ಹಂಚಬಹುದು.
ಚಾತ ಬಾಯೊಳಗಿನ ಎಲೆಯಡಿಕೆಯನ್ನು
ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿ
'ಬೆಳಿಗ್ಗೆ ಹಾಜರಿ ಯಾರು ಕರೀತಾರೆ ಮತ್ತೆ?' ಅಂದ.
ಉತ್ತರ ನನಗೂ ಹೊಳೆಯಲಿಲ್ಲ.

ಏಳನೆಯದು ಬಂತು.
ಅದರ ತುಂಬ ಟ್ಯೂಬ್‌ಲೈಟಿನ ಗುಂಯ್. ತೆಗೆಯುವ ವಿದ್ಯೆ ಇದೆ:
ಬರೀ ಗದ್ದಲವಿರುವ ಎರಡು ಸೆಕೆಂಡು ತೋರಿಸಿ
'ಇದು ಬೇಡ' ಎಂದು ಕಲಿಸಬೇಕು.
ಮೊದಲ ಪೆಟ್ಟಿನ ಹಿಂದಿನ ಎರಡು ಸೆಕೆಂಡು ತೋರಿಸಿದೆ.
ಗುಂಯ್ ಹೋಯಿತು. ಜೊತೆಗೆ
ಪ್ರತಿ ಸುತ್ತಿಗೂ ಮುಂಚೆ ಅವನು ಎಳೆದುಕೊಳ್ಳುವ ಉಸಿರು,
ಹದಿನೈದರಿಂದ ಬೀಡಿ ಸೇದಿದ ಉಸಿರು, ಅದೂ ಹೋಯಿತು.
ಉಳಿದದ್ದು ಗೂಟಕ್ಕೆ ತೂಗಿದ ದುಡಿ
ತನ್ನನ್ನು ತಾನೇ ಬಡಿದುಕೊಂಡಂತೆ.

ಕಂಟ್ರೋಲ್ ಝಡ್.
ಗುಂಯ್ ಬಂತು, ಉಸಿರು ಬಂತು. ಇರಲಿ ಎರಡೂ.

ಫೈಲಿಗೆ ಹೆಸರು ಕೇಳಿತು. ಕೈಗೆ ಅಭ್ಯಾಸ ನೋಡಿ,
ಬರೆದೇಬಿಟ್ಟೆ: ಚಾತ, ಪೂರ್ತಿ ದಿನ.

ಆರಂಭದ ಒಂಬತ್ತು ಸೆಕೆಂಡು ಕತ್ತರಿಸಿಲ್ಲ.
ಕೇಳಿದರೆ ಅವನ ದನಿ ಸಿಗುತ್ತದೆ, ಗಟ್ಟಿಯಾಗಿ:
'ರೈಟರಮ್ಮ, ಆ ಕೆಂಪು ಚುಕ್ಕಿ ಹತ್ತಿತಲ್ಲ,
ಇನ್ನು ನೀನು ಸುಮ್ಮನಿರು.'